ಲೈಫ್‌ಟೈಮ್ ಎಣ್ಣೆ ಅಂದರೆ ಯಾರ ಲೈಫ್‌ಟೈಮ್?

ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ ಬದಲಿಸಬೇಕೇ, ಬೇಡವೇ? ಗುಜರಾತಿನಲ್ಲಿರುವ ನಮ್ಮ ಕನ್ನಡಿಗರ ಮಾತುಕತೆಯಲ್ಲಿ ಈ ಪ್ರಶ್ನೆ ಈಚೆಗೆ ಆಗಾಗ ಬರುತ್ತಿದೆ. ಕ್ಲಚ್ ಪ್ಲೇಟ್ ಸವೆದ ಕಥೆ ಹೇಳುತ್ತಿದ್ದವರೆಲ್ಲ ಈಗ ಎರಡೇ ಪೆಡಲಿನ ಗಾಡಿ ಓಡಿಸುತ್ತಿದ್ದಾರೆ. ಗ್ಯಾರೇಜಿನಲ್ಲಿ ಕೇಳಿದರೆ ಸಿಗುವ ಉತ್ತರ ಎರಡು. ಒಂದು, "ಇದು ಲೈಫ್‌ಟೈಮ್ ಎಣ್ಣೆ, ಮುಟ್ಟಲೇಬೇಡಿ." ಇನ್ನೊಂದು, "ಇಷ್ಟು ಓಡಿದ ಮೇಲೆ ಮುಟ್ಟಿದರೆ ಗೇರ್‌ಬಾಕ್ಸ್ ಕೂತೇ ಹೋಗುತ್ತದೆ." ಎರಡರಲ್ಲೂ ಒಂದಿಷ್ಟು ನಿಜವಿದೆ. ಆದರೆ ಎರಡನ್ನೂ ಪೂರ್ತಿ ನಂಬಿದರೆ ನಷ್ಟ ನಮ್ಮದೇ.

ನಾನಿರುವುದು ಸಚಿನ್‌ನಲ್ಲಿ. ಕ್ರಿಕೆಟಿಗನಲ್ಲ, ಊರು! ಸೂರತ್ತಿನ ದಕ್ಷಿಣಕ್ಕೆ, ಮುಂಬೈ ರೈಲು ಮಾರ್ಗದ ಮೇಲಿದೆ. 1791ರಿಂದ 1948ರವರೆಗೆ ಇದು ಸಿದ್ದಿ ನವಾಬರ ಪುಟ್ಟ ಸಂಸ್ಥಾನವಾಗಿತ್ತು. ನಮ್ಮ ಯಲ್ಲಾಪುರ, ಹಳಿಯಾಳದ ಸಿದ್ದಿಗಳಂತೆ ಅವರ ಮೂಲವೂ ಆಫ್ರಿಕಾ. ಊರ ಕಡೆಯಿಂದ ಬಂದವರಿಗೆ ಇದನ್ನು ಹೇಳಿದರೆ ಹುಬ್ಬೇರಿಸುತ್ತಾರೆ. ಈಗ ಇಲ್ಲಿ ಕಾಣುವುದು ಜಿಐಡಿಸಿ ಕೈಗಾರಿಕಾ ವಸಾಹತು, ಬಟ್ಟೆಗೆ ಬಣ್ಣ ಹಾಕುವ ಗಿರಣಿಗಳು, ರಾಸಾಯನಿಕ ಘಟಕಗಳು. ಆ ಗಿರಣಿಗಳ ಪಂಪು, ವಾಲ್ವು ರಿಪೇರಿಯೇ ನನ್ನ ಹೊಟ್ಟೆಪಾಡು. ಸಾಮಾನು ಹೊರಲು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ ಟೊಯೊಟಾ ಹೈಲಕ್ಸ್ ಇದೆ. 2.8 ಲೀಟರ್ ಡೀಸೆಲ್, ಆರು ಗೇರಿನ ಆಟೋಮ್ಯಾಟಿಕ್. ಭಾರತದಲ್ಲಿ ಇದು ಮಾರಾಟಕ್ಕೆ ಬಂದದ್ದು 2022ರಲ್ಲಿ. ಜೋಡಣೆಯಾಗುವುದು ನಮ್ಮ ಬಿಡದಿಯಲ್ಲಿ. ಗಾಡಿಯೂ ನನ್ನ ಹಾಗೆ ಹೊಟ್ಟೆಪಾಡಿಗೆ ಇಲ್ಲಿಗೆ ಬಂದದ್ದೇ.

ಈ ಗಾಡಿ ಎರಡು ಬಗೆಯಲ್ಲಿ ದುಡಿಯುತ್ತದೆ. ವಾರವಿಡೀ ಉಧನಾ–ಸಚಿನ್ ರಸ್ತೆಯ ಲಾರಿಗಳ ನಡುವೆ ಹತ್ತು ಹೆಜ್ಜೆ ಸಾಗಿ ನಿಲ್ಲುವುದು, ಹಿಂದೆ ಎರಕದ ಕಬ್ಬಿಣದ ಪಂಪುಗಳ ಭಾರ. ವರ್ಷಕ್ಕೆ ಮೂರು ನಾಲ್ಕು ಸಲ ಪಲಸಾಣಾ ಬಳಿ 48ನೇ ರಾಷ್ಟ್ರೀಯ ಹೆದ್ದಾರಿ ಹಿಡಿದು ಮುಂಬೈ, ಪುಣೆ, ಕೊಲ್ಲಾಪುರ, ಬೆಳಗಾವಿ ದಾಟಿ ಹುಬ್ಬಳ್ಳಿಗೆ. ದಾರಿಯಲ್ಲಿ ಖಂಡಾಲಾ ಘಾಟು, ಖಂಬಾಟಕಿ ಘಾಟು. ಎರಡೂ ಗೇರ್‌ಬಾಕ್ಸನ್ನು ಕಾಯಿಸುವ ಕೆಲಸಗಳೇ.

ಯಾಕೆ ಕಾಯುತ್ತದೆ ಎನ್ನುವುದು ತಿಳಿದರೆ ಉಳಿದದ್ದು ಸುಲಭ. ಆಟೋಮ್ಯಾಟಿಕ್‌ನಲ್ಲಿ ಎಂಜಿನ್ನಿಗೂ ಗೇರಿಗೂ ನಡುವೆ ಟಾರ್ಕ್ ಕನ್ವರ್ಟರ್ ಕೂತಿರುತ್ತದೆ. ಒಂದು ಪಂಪು, ಒಂದು ಟರ್ಬೈನು ಎದುರುಬದುರು, ಎರಡೂ ಎಣ್ಣೆಯಲ್ಲಿ ಮುಳುಗಿವೆ. ಎಂಜಿನ್ ಪಂಪನ್ನು ತಿರುಗಿಸುತ್ತದೆ, ಎಣ್ಣೆ ಚಿಮ್ಮಿ ಟರ್ಬೈನನ್ನು ತಿರುಗಿಸುತ್ತದೆ. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಒಳಗಿನ ಕ್ಲಚ್ ಇವೆರಡನ್ನೂ ಬಿಗಿಯಾಗಿ ಹಿಡಿದುಕೊಳ್ಳುವುದರಿಂದ ಶಾಖ ಕಡಿಮೆ. ನಿಂತು ನಿಂತು ಸಾಗುವಾಗ, ಭಾರ ಹೊತ್ತು ಘಾಟು ಏರುವಾಗ ಆ ಹಿಡಿತ ಬಿಡುತ್ತದೆ. ಜಾರಿದ್ದೆಲ್ಲ ಎಣ್ಣೆಯಲ್ಲಿ ಶಾಖವಾಗುತ್ತದೆ. ಅದೇ ಎಣ್ಣೆ ವಾಲ್ವುಗಳಿಗೆ ಒತ್ತಡ ಕೊಡಬೇಕು, ಕ್ಲಚ್ ಬಿಲ್ಲೆಗಳು ಎಷ್ಟು ಹಿಡಿಯಬೇಕೋ ಅಷ್ಟೇ ಹಿಡಿಯುವಂತೆ ನೋಡಿಕೊಳ್ಳಬೇಕು, ಗೇರುಗಳಿಗೆ ಜಾರಿಕೆ ಕೊಡಬೇಕು, ಶಾಖವನ್ನು ಕೂಲರಿಗೆ ಒಯ್ಯಬೇಕು. ಶಾಖ ಹತ್ತು ಡಿಗ್ರಿ ಏರಿದರೆ ಎಣ್ಣೆ ಹಳಸುವ ವೇಗ ಇಮ್ಮಡಿಯಾಗುತ್ತದೆ ಎನ್ನುವುದು ಈ ಕ್ಷೇತ್ರದವರ ಸ್ಥೂಲ ಲೆಕ್ಕ.

ಲೈಫ್‌ಟೈಮ್ ಎನ್ನುವ ಮಾತು ಸಾಧಾರಣ ಬಳಕೆಗೆ ಹೇಳಿದ್ದು. ಕೈಪಿಡಿಗಳಲ್ಲಿ ಕಠಿಣ ಬಳಕೆಗೆಂದು ಬೇರೆಯೇ ಪಟ್ಟಿ ಇರುತ್ತದೆ. ಭಾರ ಹೊರುವವರು, ದೂಳಿನಲ್ಲಿ ಓಡಿಸುವವರು ಓದಬೇಕಾದ್ದು ಆ ಪುಟವನ್ನು. ಸಚಿನ್‌ನಲ್ಲಿ ಸಾಧಾರಣ ಬಳಕೆ ಎನ್ನುವುದೇ ಇಲ್ಲ ಅಂತ ನನ್ನ ಅಭಿಪ್ರಾಯ.

ಇನ್ನು ಆ ಎರಡನೆಯ ಭಯ. ಕ್ಲಚ್ ಬಿಲ್ಲೆಗಳು ಆಗಲೇ ಸವೆದು, ಗೇರು ಜಾರುತ್ತಿದ್ದು, ಎಣ್ಣೆ ಸುಟ್ಟ ವಾಸನೆ ಹೊಡೆಯುತ್ತಿದ್ದರೆ ಹೊಸ ಎಣ್ಣೆಯಿಂದ ಅದು ವಾಸಿಯಾಗುವುದಿಲ್ಲ. ಅಂಥ ಗಾಡಿಗೆ ಎಣ್ಣೆ ಬದಲಿಸಿದ ವಾರದಲ್ಲೇ ಗೇರ್‌ಬಾಕ್ಸ್ ಕೈಕೊಟ್ಟರೆ ಅಪವಾದ ಎಣ್ಣೆಗೆ ಬರುತ್ತದೆ. ಯಂತ್ರದ ಒತ್ತಡ ಕೊಟ್ಟು ಪೂರ್ತಿ ತೊಳೆಯುವ ಪದ್ಧತಿಯೂ ಒಂದಿದೆ. ಹಳೆಯ ಗೇರ್‌ಬಾಕ್ಸಿಗೆ ಅದು ನನಗೆ ಒಪ್ಪಿಗೆಯಿಲ್ಲ, ಕೂತ ಕೊಳೆಯನ್ನು ಎಬ್ಬಿಸಿ ವಾಲ್ವಿನ ಸಂದಿಗೆ ಕಳಿಸುವ ಅಪಾಯವಿದೆ. ಸುಮ್ಮನೆ ತಳದಿಂದ ಇಳಿಸಿ, ಇಳಿದಷ್ಟೇ ತುಂಬುವುದು ನಿಧಾನದ ದಾರಿ, ಆದರೆ ನಿರಪಾಯ.

ಇಳಿಸಿದಾಗ ಎಲ್ಲವೂ ಇಳಿಯುವುದಿಲ್ಲ. ಕನ್ವರ್ಟರ್, ಕೂಲರ್, ಕೊಳವೆಗಳಲ್ಲಿ ಉಳಿದುಬಿಡುತ್ತದೆ. ನನ್ನ ಗಾಡಿಯಲ್ಲಿ ಬಂದದ್ದು ಮೂರನೆಯ ಒಂದು ಭಾಗದಷ್ಟು. ಹಾಗಾದರೆ ಒಮ್ಮೆ ಮಾಡಿದರೆ ಹೊಸದು ಶೇ. 33. ನಡುವೆ ಕೆಲವು ದಿನ ಓಡಿಸಿ ಎರಡನೆಯ ಸಲ ಮಾಡಿದರೆ ಶೇ. 56, ಮೂರನೆಯ ಸಲಕ್ಕೆ ಶೇ. 70. ನಾಲ್ಕನೆಯದರಲ್ಲಿ ಸಿಗುವ ಲಾಭ ಕಡಿಮೆ, ಖರ್ಚು ಅಷ್ಟೇ. ಮೂರಕ್ಕೆ ನಿಲ್ಲಿಸಿದೆ.

ಎಣ್ಣೆಯ ಆಯ್ಕೆಯಲ್ಲಿ ಜಾಣತನ ತೋರಿಸಬೇಡಿ. ಹೈಲಕ್ಸಿಗೆ ಬೇಕಾದದ್ದು ಡಬ್ಲ್ಯೂಎಸ್ ಎಂಬ ನಮೂನೆ. ಹಳೆಯ ಟೊಯೊಟಾಗಳ ಟಿ-4 ಎಣ್ಣೆಗಿಂತ ತೆಳು. ಎರಡೂ ಕೆಂಪಗಿರುತ್ತವೆ ಅಂತ ಒಂದರ ಬದಲು ಇನ್ನೊಂದು ಹಾಕುವಂತಿಲ್ಲ. ಡಬ್ಬಿ ಅಗ್ಗಕ್ಕೆ ಸಿಕ್ಕಿತೆಂದರೆ ಅನುಮಾನಿಸಿ. ವಾರಂಟಿ ಇನ್ನೂ ಇದ್ದರೆ ಮನೆಯಲ್ಲಿ ಕೈ ಹಾಕಲೇಬೇಡಿ.

ಇನ್ನು ಅಳತೆ. ಈ ಕೆಲಸದ ಕಷ್ಟವೆಲ್ಲ ಇರುವುದು ಇಲ್ಲೇ. ಈ ಗೇರ್‌ಬಾಕ್ಸಿಗೆ ಅಳೆಯುವ ಕಡ್ಡಿ ಇಲ್ಲ. ಪಕ್ಕದಲ್ಲಿ ತುಂಬುವ ಬಿರಡೆ, ತಳದಲ್ಲಿ ಇಳಿಸುವ ಬಿರಡೆ, ಜೊತೆಗೆ ಮಟ್ಟ ನೋಡುವ ಇನ್ನೊಂದು ಬಿರಡೆ. ಮೊದಲು ಬಿಚ್ಚಬೇಕಾದ್ದು ತುಂಬುವ ಬಿರಡೆಯನ್ನು. ಕೆಳಗಿಂದ ಎಣ್ಣೆಯೆಲ್ಲ ಇಳಿಸಿದ ಮೇಲೆ ಮೇಲಿನದು ಕಚ್ಚಿಕೊಂಡು ಬಿಚ್ಚಲು ಬರದಿದ್ದರೆ ಗಾಡಿ ಅಲ್ಲೇ ನಿಂತಂತೆ. ಇಳಿದದ್ದನ್ನು ಅಳತೆ ಪಾತ್ರೆಯಲ್ಲಿ ನೋಡಿ ಅಷ್ಟನ್ನೇ, ಸ್ವಲ್ಪ ಹೆಚ್ಚಾಗಿಯೇ, ಕೈಪಂಪಿನಿಂದ ತುಂಬಬೇಕು. ಎಂಜಿನ್ ಚಾಲು ಮಾಡಿ, ಬ್ರೇಕ್ ಒತ್ತಿಹಿಡಿದು ಗೇರಿನ ಹಿಡಿಯನ್ನು ಎಲ್ಲ ಸ್ಥಾನಗಳಿಗೂ ನಿಧಾನವಾಗಿ ಒಯ್ದು ಮತ್ತೆ ಪಾರ್ಕಿಗೆ ತರಬೇಕು. ಆಮೇಲೆ, ಎಂಜಿನ್ ಓಡುತ್ತಿರುವಾಗಲೇ, ಎಣ್ಣೆ ಸರಿಯಾದ ಶಾಖದಲ್ಲಿದ್ದಾಗ ಮಟ್ಟದ ಬಿರಡೆ ತೆಗೆದರೆ ಹೆಚ್ಚಿನದು ಹರಿದು ಹೋಗುತ್ತದೆ. ಧಾರೆ ನಿಂತು ಹನಿಯಾದಾಗ ಬಿರಡೆ ಹಾಕಿಬಿಡಬೇಕು.

ಸರಿಯಾದ ಶಾಖ ಎಂದರೆ 40 ಡಿಗ್ರಿಯ ಆಸುಪಾಸು. ನಿಮ್ಮ ಗಾಡಿಯ ಖಚಿತ ಅಂಕಿ ರಿಪೇರಿ ಕೈಪಿಡಿಯಲ್ಲಿರುತ್ತದೆ. ಕೈಯಿಂದ ಮುಟ್ಟಿ ಅಂದಾಜು ಮಾಡುವುದಲ್ಲ, ಓಬಿಡಿ ಸ್ಕ್ಯಾನರ್ ಚುಚ್ಚಿ ಫೋನಿನಲ್ಲಿ ನೋಡಬೇಕು. ಗಿರಣಿಯಲ್ಲಿ ಥರ್ಮಿಕ್ ಫ್ಲೂಯಿಡ್ ಹೀಟರ್ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ, ಮೇಲೊಂದು ಟ್ಯಾಂಕ್ ಇಟ್ಟಿರುವುದೇ ಕಾದ ಎಣ್ಣೆ ಹಿಗ್ಗುತ್ತದೆ ಅಂತ. ಹತ್ತು ಲೀಟರ್ ಎಣ್ಣೆ 40ರಿಂದ 100 ಡಿಗ್ರಿಗೆ ಹೋದರೆ ಸುಮಾರು 400 ಮಿಲಿಲೀಟರ್ ಹಿಗ್ಗುತ್ತದೆ. ತೀರಾ ಬಿಸಿಯಿದ್ದಾಗ ಬಿರಡೆ ತೆಗೆದರೆ ಬೇಕಾದ ಎಣ್ಣೆಯೂ ಹರಿದುಹೋಗಿ ತಣ್ಣಗಾದಾಗ ಕೊರತೆ. ತಣ್ಣಗಿದ್ದಾಗ ನೋಡಿದರೆ ಹೆಚ್ಚಾಗಿ ತುಂಬಿಬಿಡುತ್ತೇವೆ, ಅದು ನೊರೆಯಾಗುತ್ತದೆ.

ಇಲ್ಲಿ ನಮ್ಮೂರಿನ ಹವಾಮಾನವೂ ಲೆಕ್ಕಕ್ಕೆ ಬರುತ್ತದೆ. ಮೇ ತಿಂಗಳ ಮಧ್ಯಾಹ್ನ ಬಿಸಿಲಿಗೆ ನಿಂತ ಗಾಡಿಯ ಎಣ್ಣೆ ಎಂಜಿನ್ ಚಾಲು ಮಾಡುವ ಮೊದಲೇ 40ರ ಹತ್ತಿರ ಇರುತ್ತದೆ. ಹಿಡಿ ಆಡಿಸಿ ಕೆಳಗೆ ತೂರುವಷ್ಟರಲ್ಲಿ ಮಿತಿ ದಾಟುತ್ತದೆ. ಹಾಗಾಗಿ ನಾನು ಹಿಡಿದದ್ದು ಜನವರಿಯ ಬೆಳಗು. ಚಳಿಯಲ್ಲಿ ಎಣ್ಣೆ ನಿಧಾನ ಕಾಯುತ್ತದೆ, ಅವಸರವಿಲ್ಲ. ತಿಂಗಳೊಳಗೆ ಮೂರು ಭಾನುವಾರ, ಒಂದೊಂದಕ್ಕೆ ಎರಡು ತಾಸು.

ಹೈಲಕ್ಸ್ ಎತ್ತರದ ಗಾಡಿಯಾದ್ದರಿಂದ ಜಾಕ್ ಹಾಕದೆಯೇ ಕೆಳಗೆ ತೂರಬಹುದು. ಗಾಡಿ ಸಮತಟ್ಟಾಗಿಯೂ ಉಳಿಯುತ್ತದೆ, ಮಟ್ಟ ಸರಿ ಬರಲು ಅದೂ ಬೇಕು. ನಾಲ್ಕೂ ಗಾಲಿಗೆ ಅಡ್ಡಗಟ್ಟೆ, ಪಾರ್ಕಿಂಗ್ ಬ್ರೇಕ್. ಹಿಡಿ ಆಡಿಸುವಾಗ ಗಾಡಿಯ ಕೆಳಗೆ ಯಾರೂ ಇರಕೂಡದು, ಒಂದು ಕೈ ಕೂಡ. ಈ ವಿಷಯದಲ್ಲಿ ನನ್ನ ಮಗಳು ನನಗಿಂತ ಕಟ್ಟುನಿಟ್ಟು. ಪಾರ್ಕಿಗೆ ತಂದು, ಕೀಲಿಯ ಬಳಿ ಕೂತು, "ಆಯಿತು" ಅಂತ ಕೂಗಿದ ಮೇಲೆಯೇ ನಾನು ತೂರುತ್ತಿದ್ದೆ. ಹೊಗೆ ಕೊಳವೆ ಪಕ್ಕದಲ್ಲೇ ಕಾದಿರುತ್ತದೆ, ತೋಳು ತುಂಬಿದ ಅಂಗಿ ಹಾಕಿಕೊಳ್ಳಿ. ಬಿರಡೆಗಳಿಗೆ ಹೊಸ ವಾಷರ್ ಹಾಕಿ, ಟಾರ್ಕ್ ಪಾನಾದಿಂದ ಕೈಪಿಡಿ ಹೇಳಿದಷ್ಟೇ ಬಿಗಿ ಮಾಡಿ. ಪಂಪು ಕೆಲಸದ ತೋಳಿನ ಬಿಗಿ ಇಲ್ಲಿ ನಡೆಯುವುದಿಲ್ಲ.

ಮೊದಲ ಸಲ ಬಂದ ಎಣ್ಣೆ ಕಾಫಿ ಕಷಾಯದ ಬಣ್ಣ. ಸುಟ್ಟ ವಾಸನೆಯಿಲ್ಲ, ಲೋಹದ ಚೂರಿಲ್ಲ. ಮೂರನೆಯ ಸಲ ಬಂದದ್ದರಲ್ಲಿ ಕೆಂಪು ಕಾಣಿಸಿತು. ಖರ್ಚು ಕೆಲವು ಸಾವಿರ. ಗೇರ್‌ಬಾಕ್ಸ್ ಬದಲಿಸುವ ಮಾತು ಬಂದರೆ ಲೆಕ್ಕ ಲಕ್ಷಗಳಲ್ಲಿ.

ಉಳಿದದ್ದು ಹಳೆಯ ಎಣ್ಣೆ, ಮೂರು ಸಲದ್ದು ಸೇರಿ ಎರಡು ಕ್ಯಾನು. ನಮ್ಮ ಓಣಿಯ ಹಿಂದೆ ಖಾಡಿ ಇದೆ, ಇಲ್ಲಿನವರು ತೊರೆಗೂ ಚರಂಡಿಗೂ ಕರೆಯುವುದು ಹಾಗೆಯೇ. "ಅಲ್ಲಿ ಸುರಿದುಬಿಡಿ, ಅದೇನು ಗಂಗೆಯೇ?" ಅಂದರು ನೆರೆಯವರೊಬ್ಬರು. 2022ರ ಜನವರಿ 6ರ ನಸುಕಿನಲ್ಲಿ ಇದೇ ಸಚಿನ್ ಜಿಐಡಿಸಿಯಲ್ಲಿ ಟ್ಯಾಂಕರೊಂದು ರಾಸಾಯನಿಕವನ್ನು ಖಾಡಿಗೆ ಬಿಟ್ಟಾಗ ಎದ್ದ ವಿಷಗಾಳಿಗೆ ಆರು ಜನ ಸತ್ತರು, ಇಪ್ಪತ್ತಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ಊರು ಬಿಟ್ಟು ದುಡಿಯಲು ಬಂದ ನಮ್ಮಂಥವರೇ ಅಲ್ಲಿನ ಗಿರಣಿಗಳಲ್ಲಿ ಇರುವುದು. ನನ್ನ ಕ್ಯಾನಿನ ಎಣ್ಣೆಯಿಂದ ಅಂಥ ಗಾಳಿ ಏಳುವುದಿಲ್ಲ, ಹಾಗೆ ಹೇಳಿದರೆ ಸುಳ್ಳಾಗುತ್ತದೆ. ಆದರೆ ಸುರಿಯುವ ಜಾಗ ಅದೇ, ಸುರಿಯುವವರ ಮಾತೂ ಅದೇ.

ಬಳಸಿದ ಎಣ್ಣೆ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಅಡಿ ಬರುತ್ತದೆ. ಅದು ಹೋಗಬೇಕಾದ್ದು ಅನುಮತಿ ಪಡೆದ ಮರುಸಂಸ್ಕರಣೆಯವರ ಬಳಿಗೆ. ಓಣಿಗೆ ಬಂದು "ಕಾಳುಂ ತೇಲ್" ಕೊಳ್ಳುವವರು ದುಡ್ಡನ್ನೇನೋ ಕೊಡುತ್ತಾರೆ, ಆದರೆ ಎಣ್ಣೆ ಎಲ್ಲಿ ಉರಿಯುತ್ತದೆ ಎಂದು ಕೇಳಿದರೆ ಉತ್ತರವಿಲ್ಲ. ಎರಡು ಕ್ಯಾನಿಗಾಗಿ ಮರುಸಂಸ್ಕರಣೆಯವರು ಮನೆಗೆ ಬರುವುದಿಲ್ಲವಾದ್ದರಿಂದ, ಅವರ ಗಾಡಿ ಬಂದು ರಸೀದಿ ಕೊಟ್ಟು ಪೀಪಾಯಿ ಒಯ್ಯುವ ಗ್ಯಾರೇಜೊಂದನ್ನು ಹುಡುಕಿದೆ. ಅಲ್ಲಿನ ಹುಡುಗ ನನ್ನ ಎಣ್ಣೆಯಲ್ಲಿ ನೀರು, ಕೂಲಂಟ್ ಬೆರೆತಿಲ್ಲವೆಂದು ನೋಡಿದ, ಪೀಪಾಯಿಗೆ ಸುರಿದ, ಖಾಲಿ ಕ್ಯಾನು ವಾಪಸು ಕೊಟ್ಟ. ಸಚಿನ್, ಉಧನಾ ಕಡೆ ಇರುವ ಕನ್ನಡಿಗರು ಯಾರಾದರೂ ಈ ಕೆಲಸಕ್ಕೆ ಕೈ ಹಾಕುವುದಾದರೆ ಕ್ಯಾನು ನನ್ನಲ್ಲಿಗೆ ತನ್ನಿ, ನನ್ನದರ ಜೊತೆ ಒಯ್ದು ಕೊಡುತ್ತೇನೆ. ಕೈಪಂಪೂ ಸ್ಕ್ಯಾನರೂ ನನ್ನಲ್ಲಿವೆ.