ತಡೆಯುವವನಿಗೆ ಗುರಿಯೂ ಬೇಕು

ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಎದುರಾಳಿಯ ಉತ್ತಮ ಆಟಗಾರನನ್ನು ಮೂರಂಕದ ಗೆರೆಯ ಬಳಿಯೇ ಕಟ್ಟಿಹಾಕುವ ಪರಿಣತ ರಕ್ಷಕ ಬೇಕೇ? ಬೇಕೇ ಬೇಕು ಎನ್ನುವವನು ನಾನು. ಸ್ಯಾನ್ ಆಂಟೋನಿಯೊ ಸ್ಪರ್ಸ್‌ನ ಬ್ರೂಸ್ ಬೋವೆನ್ ಆಟ ನೋಡಿ. ಮೊಣಕಾಲು ಬಾಗಿಸಿ, ಮೈಗೆ ಮೈ ತಾಗುವಷ್ಟು ಹತ್ತಿರ ನಿಂತು, ಕೋಬಿ ಬ್ರಯಂಟ್‌ನಂಥವರ ಕಣ್ಣೆದುರೇ ಕೈ ಚಾಚುತ್ತಿದ್ದ. 2003, 2005, 2007ರಲ್ಲಿ ಸ್ಪರ್ಸ್ ಎನ್‌ಬಿಎ ಗೆದ್ದಾಗ ಈ ಹೊಣೆ ಅವನದೇ.

ಆದರೆ ತಡೆಯುವುದಷ್ಟೇ ಸಾಲದು. ಮೆಂಫಿಸ್ ತಂಡದ ಟೋನಿ ಆಲನ್ ಕೂಡ ಅಪ್ಪಟ ರಕ್ಷಕನಾಗಿದ್ದ; ದೂರದ ಎಸೆತ ಮಾತ್ರ ದುರ್ಬಲವಾಗಿತ್ತು. 2015ರ ಪ್ಲೇಆಫ್‌ನಲ್ಲಿ ಎದುರಾಳಿ ಗೋಲ್ಡನ್ ಸ್ಟೇಟ್ ಅವನ ಕಾವಲಿಗೆ ಸೆಂಟರ್ ಆಂಡ್ರ್ಯೂ ಬೋಗಟ್‌ನನ್ನು ಹಾಕಿತು. ಬೋಗಟ್ ಆಲನ್‌ನನ್ನು ಹೊರಗೇ ಬಿಟ್ಟು ಬುಟ್ಟಿಯ ಬಳಿ ಕಾದ. 1–2ರಿಂದ ಹಿಂದಿದ್ದ ಗೋಲ್ಡನ್ ಸ್ಟೇಟ್ ಸರಣಿಯನ್ನು 4–2ರಿಂದ ಗೆದ್ದಿತು.

ಬೋವೆನ್‌ನನ್ನು ಹಾಗೆ ಬಿಡುವಂತಿರಲಿಲ್ಲ. 2002–03ರಲ್ಲಿ ಮೂರಂಕದ ಎಸೆತಗಳಲ್ಲಿ ಶೇ 44ರ ಯಶಸ್ಸಿನೊಂದಿಗೆ ಅವನು ಲೀಗ್‌ಗೇ ಮೊದಲಿಗ. ತಂಡ ಕಟ್ಟುವವರು ರಕ್ಷಕನನ್ನು ಆರಿಸುವಾಗ ಮೊದಲು ಕಾಲಿನ ಚುರುಕು ನೋಡಲಿ, ಜೊತೆಗೇ ಮೂಲೆಯಿಂದ ಅವನ ಎಸೆತವನ್ನೂ ಪರೀಕ್ಷಿಸಲಿ.