ಫೋಕಸ್ ತಪ್ಪುವ ಕ್ಯಾಮೆರಾ: ಲೆನ್ಸ್ ಸಹಿತ ಕಳುಹಿಸಿ

ವಧುವಿನ ಕಣ್ಣಿಗೆ ಫೋಕಸ್ ಮಾಡಿದ್ದರೂ ಕಿವಿಯೋಲೆ ಮಾತ್ರ ಸ್ಪಷ್ಟವಾಗಿ ಮೂಡಿದರೆ ತಪ್ಪು ಛಾಯಾಗ್ರಾಹಕನದೇ ಆಗಿರಬೇಕಿಲ್ಲ. ಡಿಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಚಿತ್ರ ಸೆರೆಹಿಡಿಯುವ ಸಂವೇದಕ ಬೇರೆ, ಫೋಕಸ್ ಅಳೆಯುವ ಸಂವೇದಕ ಬೇರೆ. ಎರಡನೆಯದು ಕನ್ನಡಿಯ ಕೆಳಗೆ, ತಳಭಾಗದಲ್ಲಿರುತ್ತದೆ. ಲೆನ್ಸ್‌ನಿಂದ ಎರಡಕ್ಕೂ ಬೆಳಕು ಸಾಗುವ ದೂರ ಸಮನಾಗಿರಬೇಕು. ಕೂದಲೆಳೆಯಷ್ಟು ವ್ಯತ್ಯಾಸವಾದರೂ ಫೋಕಸ್ ಹಿಂದಕ್ಕೋ ಮುಂದಕ್ಕೋ ಸರಿಯುತ್ತದೆ. ಕನ್ನಡಿರಹಿತ ಕ್ಯಾಮೆರಾಗಳಲ್ಲಿ ಚಿತ್ರದ ಸಂವೇದಕವೇ ಫೋಕಸ್ ಅಳೆಯುವುದರಿಂದ ಈ ತಾಪತ್ರಯ ಬಹುಮಟ್ಟಿಗೆ ಇಲ್ಲ.

ಪರೀಕ್ಷೆ ಸುಲಭ. ಕ್ಯಾಮೆರಾವನ್ನು ಸ್ಟ್ಯಾಂಡ್ ಮೇಲಿಟ್ಟು, ಅಪರ್ಚರ್ ಪೂರ್ತಿ ತೆರೆದು, ಗೋಡೆಯ ಕ್ಯಾಲೆಂಡರನ್ನು ಒಮ್ಮೆ ವ್ಯೂಫೈಂಡರ್ ಮೂಲಕ, ಇನ್ನೊಮ್ಮೆ ಲೈವ್ ವ್ಯೂನಲ್ಲಿ ಫೋಕಸ್ ಮಾಡಿ ತೆಗೆಯಬೇಕು. ಪ್ರತಿ ಬಾರಿಯೂ ಲೈವ್ ವ್ಯೂ ಚಿತ್ರವೇ ಹೆಚ್ಚು ಸ್ಪಷ್ಟವಾಗಿದ್ದರೆ ಹೊಂದಾಣಿಕೆ ತಪ್ಪಿದೆ ಎಂದರ್ಥ.

2007ರಲ್ಲಿ ಬಂದ ಕ್ಯಾನನ್ 1ಡಿ ಮಾರ್ಕ್ 3, ನಿಕಾನ್ ಡಿ300 ಮುಂತಾದ ಮೇಲ್ದರ್ಜೆಯ ಮಾದರಿಗಳಲ್ಲಿ ಇದನ್ನು ಮೆನುವಿನಲ್ಲೇ ತಿದ್ದಬಹುದು. ಆ ಸೌಲಭ್ಯವಿಲ್ಲದವರಿಗೆ ತಯಾರಕರ ಸೇವಾ ಕೇಂದ್ರವೇ ಗತಿ. ಆದರೆ ಬಾಡಿಯೊಂದನ್ನೇ ಕಳುಹಿಸಿದರೆ ದುಡ್ಡು ದಂಡವಾದೀತು. ಬಾಡಿ, ಲೆನ್ಸ್ ಎರಡೂ ತಂತಮ್ಮ ಮಿತಿಯೊಳಗಿದ್ದು, ಜೋಡಿಸಿದಾಗ ಮಾತ್ರ ದೋಷ ಒಟ್ಟುಗೂಡುವುದುಂಟು. ಆದ್ದರಿಂದ ಲೆನ್ಸ್‌ಗಳನ್ನೂ, ದೋಷ ಕಾಣುವ ಮಾದರಿ ಚಿತ್ರಗಳನ್ನೂ ಜೊತೆಗಿಡಬೇಕು. ಮೆಮೊರಿ ಕಾರ್ಡ್ ಮಾತ್ರ ತೆಗೆದಿಟ್ಟುಕೊಂಡು, ಸೀರಿಯಲ್ ಸಂಖ್ಯೆಗಳನ್ನು ಬರೆದುಕೊಳ್ಳಬೇಕು. ಮದುವೆ ಚಿತ್ರಗಳನ್ನೇ ನಂಬಿದವರು ಈ ಕೆಲಸವನ್ನು ಆಷಾಢದಲ್ಲಿ ಮುಗಿಸಿಕೊಳ್ಳುವುದು ಲೇಸು.