ಹಿರಿಯರ ಕೋಣೆ: ನಂಬಿಕೆ ಎಷ್ಟು, ನಿಜ ಎಷ್ಟು?

ಅಮ್ಮನನ್ನೋ ಅಪ್ಪನನ್ನೋ ಸೇರಿಸುವ ಮುನ್ನ ವೃದ್ಧಾಶ್ರಮ ನೋಡಲು ಹೋದವರು ಹೆಚ್ಚಾಗಿ ಮೆಚ್ಚಿ ಬರುವುದು ಮೂರು ಸಂಗತಿಗಳನ್ನು: ಮುಖ ಕಾಣುವಷ್ಟು ಹೊಳೆಯುವ ಟೈಲ್ಸ್ ನೆಲ, ಎರಡೂ ಬದಿಗೆ ಕಂಬಿಯಿರುವ ಆಸ್ಪತ್ರೆ ಮಂಚ, ಒಳಗೆ ಕಾಲಿಟ್ಟ ಕೂಡಲೇ ಮೂಗಿಗೆ ಬಡಿಯುವ ಫಿನಾಯಿಲ್ ವಾಸನೆ. ಇವಿದ್ದರೆ ಜಾಗ ಚೆನ್ನಾಗಿದೆ ಎಂದು ಮನಸ್ಸು ಹಗುರಾಗುತ್ತದೆ. ಆದರೆ ಇವುಗಳಲ್ಲಿ ಯಾವುದೂ ಸುರಕ್ಷತೆಯ ಗುರುತಲ್ಲ. ಕೆಲವು ಸಲ ಅಪಾಯ ಇರುವುದೇ ಅಲ್ಲಿ. ಆಸ್ಪತ್ರೆಯ ಹಾಗೆ ಕಂಡರೆ ಸುರಕ್ಷಿತ, ಮನೆಯ ಹಾಗಿದ್ದರೆ ಅಜಾಗರೂಕತೆ ಎಂಬ ಎಣಿಕೆ ನಮ್ಮಲ್ಲಿ ಬಲವಾಗಿದೆ. ಅದನ್ನು ಒಂದೊಂದಾಗಿ ಬಿಡಿಸಿ ನೋಡಬೇಕು.

“ಮಂಚಕ್ಕೆ ಕಂಬಿ ಇದ್ದರೆ ಬೀಳುವುದಿಲ್ಲ”

ಎಲ್ಲಕ್ಕಿಂತ ಆಳವಾಗಿ ಬೇರೂರಿರುವ ನಂಬಿಕೆ ಇದು, ಎಲ್ಲಕ್ಕಿಂತ ಅಪಾಯದ್ದೂ ಹೌದು. ರಾತ್ರಿ ಮೂತ್ರಕ್ಕೆ ಎಚ್ಚರವಾದವರು, ಅದರಲ್ಲೂ ಮರೆವಿನ ಕಾಯಿಲೆ ಇರುವವರು, ಕಂಬಿ ಕಂಡು ಸುಮ್ಮನೆ ಮಲಗಿಬಿಡುವುದಿಲ್ಲ. ದಾಟಲು ನೋಡುತ್ತಾರೆ. ಆಗ ಬೀಳುವುದು ಹಾಸಿಗೆಯ ಎತ್ತರದಿಂದಲ್ಲ, ಕಂಬಿಯ ಎತ್ತರದಿಂದ. ಸೊಂಟದ ಮೂಳೆ ಮುರಿಯಲು ಅಷ್ಟು ಸಾಕು.

ಇನ್ನೊಂದು ಅಪಾಯ ಕಣ್ಣಿಗೆ ಬೀಳದಂಥದ್ದು. ಕಂಬಿ ಮತ್ತು ಹಾಸಿಗೆಯ ನಡುವಿನ ಸಂದಿಯಲ್ಲಿ ತಲೆ, ಕತ್ತು, ಎದೆ ಸಿಕ್ಕಿಕೊಳ್ಳಬಹುದು. ಅಮೆರಿಕದಲ್ಲಿ ವೈದ್ಯಕೀಯ ಸಲಕರಣೆಗಳ ಮೇಲೆ ನಿಗಾ ಇಡುವ ಎಫ್‌ಡಿಎ ಸಂಸ್ಥೆಗೆ 1985ರ ಆರಂಭದಿಂದ 2009ರ ಆರಂಭದವರೆಗೆ ಇಂಥ 803 ಪ್ರಕರಣಗಳು ವರದಿಯಾದವು. ಅವುಗಳಲ್ಲಿ 480 ಜನ ಸತ್ತರು. ಹೆಚ್ಚಿನವರು ವಯಸ್ಸಾದವರು, ನಿಶ್ಶಕ್ತರು, ಗೊಂದಲದ ಮನಸ್ಥಿತಿಯವರು. ತಲೆ ತೂರುವಂಥ ಸಂದಿ 120 ಮಿಲಿಮೀಟರ್‌ಗಿಂತ ಕಡಿಮೆ ಇರಬೇಕೆಂದು ಆ ಸಂಸ್ಥೆ 2006ರಲ್ಲಿ ಮಾರ್ಗಸೂಚಿ ಹೊರಡಿಸಿತು. ಮಂಚ ಒಂದು ಕಡೆಯದು, ಹಾಸಿಗೆ ಇನ್ನೊಂದು ಕಡೆಯದು ಆದಾಗ ಈ ಸಂದಿ ದೊಡ್ಡದಾಗುತ್ತದೆ. ದಾನವಾಗಿ ಬಂದ ಹಳೆಯ ಮಂಚದ ಮೇಲೆ ಅಂಗಡಿಯಿಂದ ತಂದ ಹಾಸಿಗೆ ಹಾಕುವುದು ನಮ್ಮ ಆಶ್ರಮಗಳಲ್ಲಿ ಹೊಸದೇನಲ್ಲ. ಅಲ್ಲಿ ಅಳತೆಪಟ್ಟಿ ಹಿಡಿದು ನೋಡಲೇಬೇಕು.

ಹಾಗಾದರೆ ಬೀಳದಂತೆ ಮಾಡುವುದು ಹೇಗೆ? ಕುಳಿತಾಗ ಎರಡೂ ಪಾದ ನೆಲಕ್ಕೆ ಪೂರ್ತಿ ಊರುವಷ್ಟು ತಗ್ಗಿನ ಮಂಚ ಬೇಕು. ಬಚ್ಚಲಮನೆಯವರೆಗೂ ದಾರಿ ತೋರುವ ರಾತ್ರಿ ದೀಪ ಬೇಕು. ಮಲಗುವ ಮುನ್ನ ಒಮ್ಮೆ, ನಡುರಾತ್ರಿ ಗೊತ್ತಾದ ಹೊತ್ತಿಗೆ ಇನ್ನೊಮ್ಮೆ ಶೌಚಕ್ಕೆ ಕರೆದೊಯ್ಯುವ ಆಯಾ ಬೇಕು. ಕರೆಗಂಟೆ ದಿಂಬಿನ ಪಕ್ಕದಲ್ಲಿರಬೇಕು. ತಲೆಯ ಹಿಂದೆ ಗೋಡೆಯಲ್ಲಿರುವ ಗುಂಡಿ, ಪಾರ್ಶ್ವವಾಯುವಾಗಿ ಒಂದು ಕೈ ಏಳದವರಿಗೆ ಇದ್ದೂ ಇಲ್ಲದ ಹಾಗೆ.

“ಏರ್ ಬೆಡ್ ಹಾಕಿಸಿದ್ದೇವೆ, ಬೆನ್ನು ಹುಣ್ಣಾಗುವುದಿಲ್ಲ”

ಏರ್ ಬೆಡ್‌ನ ಗಾಳಿಯ ಕೊಳವೆಗಳು ಸರದಿಯ ಮೇಲೆ ಉಬ್ಬಿ, ಇಳಿದು ಒತ್ತಡ ಬೀಳುವ ಜಾಗವನ್ನು ಬದಲಿಸುತ್ತವೆ. ಒಳ್ಳೆಯ ಸಲಕರಣೆ, ಸಂಶಯವಿಲ್ಲ. ಆದರೆ ಮಗ್ಗುಲು ಬದಲಿಸುವ ಕೈಗೆ ಅದು ಬದಲಿಯಲ್ಲ. ಪಂಪಿನ ಮೇಲಿನ ತಿರುಗಣೆಯನ್ನು ಮಲಗುವವರ ತೂಕಕ್ಕೆ ಹೊಂದಿಸಬೇಕು. ತಂದ ದಿನ ಇದ್ದಂತೆಯೇ ಬಿಟ್ಟರೆ, ನಲವತ್ತು ಕಿಲೋ ತೂಗುವ ಅಜ್ಜಿಗೆ ಅದು ಹಲಗೆಯಷ್ಟು ಗಟ್ಟಿಯಾಗಬಹುದು. ಕರೆಂಟು ಹೋದರೆ ಗಾಳಿ ತುಂಬುವುದು ನಿಲ್ಲುತ್ತದೆ. ಮೇಲೆ ಮಡಿಸಿದ ಬೆಡ್‌ಶೀಟು, ರಬ್ಬರ್ ಶೀಟು, ಟವೆಲು ಎಂದು ಪದರ ಪದರ ಹಾಸಿದರೆ ಅದರ ಗುಣವೆಲ್ಲ ಅಲ್ಲೇ ಮುಗಿಯಿತು. ನಡುವೆ ತೂತಿರುವ ರಿಂಗ್ ದಿಂಬನ್ನು ಪ್ರೀತಿಯಿಂದ ಕೊಂಡು ತರುವವರೂ ಇದ್ದಾರೆ. ಅದು ಸುತ್ತಲಿನ ಚರ್ಮವನ್ನು ಒತ್ತಿ ನಡುವಿನ ರಕ್ತಸಂಚಾರ ತಗ್ಗಿಸುವುದರಿಂದ, ಬಳಸಬೇಡಿ ಎಂದೇ ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಹೇಳುತ್ತವೆ.

“ಮನೆಯ ಸಾಮಾನು ತಂದರೆ ತೊಡಕು, ಕೊಳೆ”

ಈ ಮಾತು ನನಗೆ ಬಹಳ ನೋವು ಕೊಡುತ್ತದೆ. ಅರವತ್ತು ವರ್ಷ ಸಂಸಾರ ನಡೆಸಿದವರನ್ನು ಎರಡು ಜೊತೆ ಬಟ್ಟೆಯ ಬ್ಯಾಗಿನೊಂದಿಗೆ ಬಿಳಿ ಗೋಡೆಗಳ ನಡುವೆ ಕೂರಿಸಿ, ಇದೇ ಶಿಸ್ತು ಎನ್ನುತ್ತೇವೆ. ಅಮೆರಿಕದ ನರ್ಸಿಂಗ್ ಹೋಮ್‌ಗಳೂ ಒಂದು ಕಾಲಕ್ಕೆ ಹೀಗೇ ಇದ್ದವು. 1986ರಲ್ಲಿ ಅಲ್ಲಿನ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಕೊಟ್ಟ ವರದಿಯ ಬೆನ್ನಿಗೇ 1987ರಲ್ಲಿ ಸುಧಾರಣಾ ಕಾನೂನು ಬಂತು. ಅದರಡಿಯ ನಿಯಮಗಳ ಪ್ರಕಾರ ಕೋಣೆ ಸುರಕ್ಷಿತವಾಗಿ, ಚೊಕ್ಕಟವಾಗಿ ಇದ್ದರೆ ಸಾಲದು, ಮನೆಯಂತೆಯೂ ಇರಬೇಕು. ವಾಸಿಸುವವರು ಸಾಧ್ಯವಾದಷ್ಟೂ ತಮ್ಮ ಸ್ವಂತ ವಸ್ತುಗಳನ್ನು ಬಳಸಲು ಅವಕಾಶವಿರಬೇಕು. ಒಳಗಿನ ಉಷ್ಣತೆಗೂ ಲೆಕ್ಕವಿದೆ: 71ರಿಂದ 81 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 22ರಿಂದ 27 ಡಿಗ್ರಿ ಸೆಲ್ಸಿಯಸ್. ಮನೆಯ ವಾತಾವರಣವನ್ನೂ ಸುರಕ್ಷತೆಯನ್ನೂ ಒಂದೇ ನಿಯಮದಲ್ಲಿ ಜೋಡಿಸಿದ್ದು ಅಲ್ಲಿನ ವಿವೇಕ.

ನಮ್ಮಲ್ಲಿ ಅದು ಕೌದಿ, ದೇವರ ಪಟ, ರೇಡಿಯೊ, ಕಟ್ಟು ಹಾಕಿಸಿದ ಮದುವೆಯ ಫೋಟೊ, ಕೈಯಿರುವ ಹಳೆಯ ಮರದ ಕುರ್ಚಿ. ಆ ಕುರ್ಚಿಯ ಎತ್ತರ, ಕೈ ಊರುವ ಜಾಗ ದೇಹಕ್ಕೆ ಗೊತ್ತು. ತಗ್ಗಿದ ಮೆತ್ತನೆಯ ಸೋಫಾದಿಂದ ಏಳುವುದಕ್ಕಿಂತ ಅದರಿಂದ ಏಳುವುದು ಸುಲಭ. ಮರೆವಿನ ಕಾಯಿಲೆಯವರು ಬಾಗಿಲಿನ ಸಂಖ್ಯೆಯನ್ನು ಮರೆಯಬಹುದು, ಬಾಗಿಲ ಮೇಲೆ ಅಂಟಿಸಿದ ತಮ್ಮದೇ ಫೋಟೊ ನೋಡಿ ಕೋಣೆ ಗುರುತಿಸಬಲ್ಲರು. ತಡೆಯಬೇಕಾದದ್ದು ಬೇರೆ ಇದೆ: ಜಾರುವ ಕಾಲೊರಸು, ನಡೆಯುವ ದಾರಿಗೆ ಅಡ್ಡ ಬಿದ್ದ ಎಕ್ಸ್‌ಟೆನ್ಷನ್ ವೈರು, ಅಲುಗಾಡುವ ಸ್ಟೂಲು.

ಒಂದು ಕಡೆ ಮಾತ್ರ ಮನೆಯ ರೂಢಿ ಬಗ್ಗಲೇಬೇಕು. ಆಮ್ಲಜನಕದ ಕಾನ್ಸೆಂಟ್ರೇಟರ್ ಅಥವಾ ಸಿಲಿಂಡರ್ ಇರುವ ಕೋಣೆಯಲ್ಲಿ ಎಣ್ಣೆ ದೀಪ, ಊದುಬತ್ತಿ, ಕರ್ಪೂರ ಕೂಡದು. ಆಮ್ಲಜನಕ ತಾನಾಗಿ ಉರಿಯುವುದಿಲ್ಲ. ಉರಿಯುವ ವಸ್ತು ಅದರ ನಡುವೆ ಬಹಳ ರಭಸದಿಂದ ಉರಿಯುತ್ತದೆ. ಸೀರೆಯ ಸೆರಗು, ಕಂಬಳಿ, ಕೂದಲು ಅದನ್ನು ಹೀರಿಕೊಂಡಿರುವುದರಿಂದ, ಯಂತ್ರ ಆರಿಸಿ ಆ ಕ್ಷಣವೇ ದೀಪ ಹಚ್ಚುವುದೂ ಸರಿಯಲ್ಲ. ಅಜ್ಜಿಯ ಪೂಜೆ ನಿಲ್ಲಿಸಬೇಕಿಲ್ಲ. ದೀಪವನ್ನು ಬೇರೆ ದೇವರ ಕೋಣೆಗೆ ಸಾಗಿಸಿ, ಇಲ್ಲಿ ಬ್ಯಾಟರಿ ದೀಪ ಇಡಬಹುದು. ಹೂವು, ಗಂಧ, ಜಪಮಾಲೆ ಅವರ ಬಳಿಯೇ ಇರಲಿ.

“ಹೊಳೆಯುವ ನೆಲ, ಫಿನಾಯಿಲ್ ವಾಸನೆ ಇದ್ದರೆ ಶುಚಿ”

ವಾಸನೆ ಶುಚಿತ್ವದ ಅಳತೆಯಲ್ಲ. ಕೈ ಪದೇ ಪದೇ ತಾಗುವುದು ನೆಲಕ್ಕಲ್ಲ, ಮಂಚದ ಕಂಬಿ, ಕರೆಗಂಟೆ, ಬಾಗಿಲ ಹಿಡಿ, ಕಮೋಡ್ ಕುರ್ಚಿಯ ಕೈಗಳಿಗೆ. ಅವನ್ನು ಒರೆಸಿದರೇ ಎಂದು ಕೇಳಿ. ಫಿನಾಯಿಲನ್ನು ಕುಡಿಯುವ ನೀರಿನ ಹಳೆಯ ಬಾಟಲಿಗೆ ಸುರಿದಿಡುವುದಂತೂ ಅಪರಾಧಕ್ಕೆ ಸಮ; ಮಂದದೃಷ್ಟಿಯವರು ಮಜ್ಜಿಗೆಯೆಂದು ಕುಡಿದಾರು. ಬ್ಲೀಚಿಂಗ್ ಪೌಡರಿನ ನೀರಿಗೆ ಶೌಚಾಲಯ ತೊಳೆಯುವ ಆ್ಯಸಿಡ್ ಬೆರೆತರೆ ವಿಷದ ಕ್ಲೋರಿನ್ ಅನಿಲ ಏಳುತ್ತದೆ.

ಇನ್ನು ಹೊಳಪು. ಇಪ್ಪತ್ತರ ಕಣ್ಣಿಗೆ ಹೋಲಿಸಿದರೆ ಅರವತ್ತರ ಕಣ್ಣಿನ ಅಕ್ಷಿಪಟಲ ತಲುಪುವ ಬೆಳಕು ಸುಮಾರು ಮೂರನೇ ಒಂದು ಭಾಗ. ಆದ್ದರಿಂದ ಬೆಳಕು ಹೆಚ್ಚು ಬೇಕು, ಪ್ರತಿಫಲಿಸಿ ಕಣ್ಣು ಕೋರೈಸುವ ನೆಲ ಬೇಡ. ಬಿಳಿ ಗೋಡೆ, ಬಿಳಿ ನೆಲ, ಬಿಳಿ ಕಮೋಡ್ ಇದ್ದಲ್ಲಿ ಎಲ್ಲಿ ಕೂರಬೇಕೆಂದೇ ತಿಳಿಯುವುದಿಲ್ಲ. ಸೀಟಿಗೂ ಹಿಡಿಕಂಬಿಗೂ ಎದ್ದು ಕಾಣುವ ಗಾಢ ಬಣ್ಣ ಕೊಟ್ಟರೆ ಆ ತೊಂದರೆ ತಪ್ಪುತ್ತದೆ.

“ಸೋಲಾರ್ ಇದೆ, ಬಿಸಿನೀರಿಗೆ ಚಿಂತೆಯಿಲ್ಲ”

ಚಿಂತೆ ಇರುವುದೇ ಅಲ್ಲಿ. ಒಳ್ಳೆಯ ಬಿಸಿಲಿನ ದಿನ ಸೋಲಾರ್ ಟ್ಯಾಂಕಿನ ನೀರು 60 ಡಿಗ್ರಿ ದಾಟಬಲ್ಲದು. ಆ ಬಿಸಿಯ ನೀರು ಐದಾರು ಸೆಕೆಂಡಿನಲ್ಲಿ ಚರ್ಮವನ್ನು ಆಳವಾಗಿ ಸುಡುತ್ತದೆ. ತೆಳುವಾದ ಮುದಿ ಚರ್ಮ, ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಕಳೆದುಕೊಂಡ ಕಾಲು ಇದ್ದರೆ ಸುಟ್ಟದ್ದೂ ತಿಳಿಯದು. ಬಕೆಟ್ಟಿಗೆ ಮೊದಲು ತಣ್ಣೀರು ಬಿಟ್ಟು ಆಮೇಲೆ ಬಿಸಿ ಬೆರೆಸುವುದು, ಆಯಾ ಮೊಣಕೈ ಅದ್ದಿ ನೋಡುವುದು ರೂಢಿಯಾಗಬೇಕು. ಬಿಸಿ, ತಣ್ಣೀರನ್ನು ತಾನೇ ಬೆರೆಸಿ ಹದ ಕಾಯುವ ಕವಾಟವೂ ಸಿಗುತ್ತದೆ.

“ಕೆಟ್ಟಾಗ ರಿಪೇರಿ ಮಾಡಿಸಿದರಾಯಿತು”

ವ್ಹೀಲ್‌ಚೇರಿನ ಬ್ರೇಕು ಟೈರನ್ನು ಒತ್ತಿ ಹಿಡಿಯುತ್ತದೆ. ಟೈರಿನ ಗಾಳಿ ಇಳಿದಿದ್ದರೆ ಬ್ರೇಕು ಹಾಕಿದಂತೆ ಕಂಡರೂ ಕುರ್ಚಿ ಹಿಂದೆ ಸರಿಯುತ್ತದೆ, ಅದೂ ಹಿರಿಯರು ಏಳುವ ಹೊತ್ತಿಗೆ. ಕಾಲುಹಲಗೆಯನ್ನು ಮಡಿಸದೆ ಅದರ ಮೇಲೆ ನಿಂತರೆ ಕುರ್ಚಿ ಮುಂದಕ್ಕೆ ಮಗುಚುತ್ತದೆ. ವಾಕರಿನ ಕಾಲಿನ ರಬ್ಬರ್ ಬುಷ್ ಸವೆದು ಲೋಹ ಕಂಡಿತೆಂದರೆ ಒದ್ದೆ ನೆಲದಲ್ಲಿ ಅದು ಊರುಗೋಲಾಗಿ ಉಳಿಯುವುದಿಲ್ಲ. ಕಾನ್ಸೆಂಟ್ರೇಟರಿನ ಫಿಲ್ಟರ್‌ಗೆ ಧೂಳು ಕಟ್ಟಿದರೆ, ಗೋಡೆಗೆ ಒತ್ತರಿಸಿ ಇಟ್ಟರೆ ಯಂತ್ರ ಬಿಸಿಯಾಗಿ ಸರಿಯಾಗಿ ಕೆಲಸ ಮಾಡದು. ಕರೆಂಟು ಹೋದರೆ ನಿಂತೇ ಹೋಗುತ್ತದೆ, ಪಕ್ಕದಲ್ಲಿ ತುಂಬಿದ ಸಿಲಿಂಡರ್ ಇರಬೇಕು. ಇವೆಲ್ಲ ಕೆಟ್ಟ ಮೇಲೆ ಗೊತ್ತಾಗುವುದು ಯಾರೋ ಬಿದ್ದಾಗ, ಉಸಿರು ಕಟ್ಟಿದಾಗ. ಅದಕ್ಕಾಗಿಯೇ ಯಾವ ಸಲಕರಣೆಯನ್ನು ಯಾರು, ಯಾವ ದಿನ ನೋಡಿದರು ಎಂದು ಬರೆದು ಸಹಿ ಹಾಕುವ ಪುಸ್ತಕ ಬೇಕು.

“ಇಷ್ಟೆಲ್ಲ ದುಡ್ಡಿದ್ದವರ ಆಶ್ರಮಕ್ಕೆ ಮಾತ್ರ” ಎನ್ನುವುದೂ ಸರಿಯಲ್ಲ. ರಬ್ಬರ್ ಬುಷ್, ರಾತ್ರಿ ದೀಪ, ಬಣ್ಣದ ಟೇಪು, ಟೈರಿಗೆ ಗಾಳಿ, ಒಂದು ನೋಟ್ ಪುಸ್ತಕ: ಇವುಗಳಲ್ಲಿ ಯಾವುದೂ ಬಡ ಆಶ್ರಮದ ಕೈಗೆ ಎಟುಕದ್ದಲ್ಲ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ 19ನೇ ಕಲಂ, ಪ್ರತಿ ಜಿಲ್ಲೆಯಲ್ಲೂ ಕನಿಷ್ಠ 150 ನಿರ್ಗತಿಕ ಹಿರಿಯರಿಗೆ ಸಾಲುವಂಥ ವೃದ್ಧಾಶ್ರಮದ ಗುರಿ ಇಟ್ಟು, ಅಲ್ಲಿನ ಸೇವೆಯ ಗುಣಮಟ್ಟವನ್ನು ಗೊತ್ತುಪಡಿಸುವ ಅಧಿಕಾರವನ್ನೂ ರಾಜ್ಯ ಸರ್ಕಾರಕ್ಕೆ ಕೊಟ್ಟಿದೆ.

ಮುಂದಿನ ಸಲ ಹೋದಾಗ ಹಣ್ಣಿನ ಚೀಲ ಕೆಳಗಿಟ್ಟು, ಅಮ್ಮನ ಮಂಚದ ಮೇಲೆ ಕೂತು ಕರೆಗಂಟೆ ಒತ್ತಿ, ಯಾರಾದರೂ ಬರುತ್ತಾರೋ ನೋಡಿ. ವಾಕರನ್ನು ತಲೆಕೆಳಗು ಮಾಡಿ ಬುಷ್ ಪರೀಕ್ಷಿಸಿ. ನಲ್ಲಿಯ ಬಿಸಿನೀರಿಗೆ ಕೈ ಒಡ್ಡಿ. ತಪ್ಪು ಕಂಡರೆ ಮೊದಲು ಮೇಲ್ವಿಚಾರಕರ ಜೊತೆ ಸಮಾಧಾನದಿಂದ ಮಾತನಾಡಿ. ಅಲ್ಲಿ ಕಿವಿಗೊಡದಿದ್ದರೆ ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567ಕ್ಕೆ ಕರೆ ಮಾಡಿ, ಅದಕ್ಕೆ ಶುಲ್ಕವಿಲ್ಲ.